ನೀರಿನಡಿಯ ಫೋಟೋಗೆ ಸ್ಟ್ರೋಬ್ ಆರಿಸುವಾಗ: ಪವರ್‌ಗಿಂತ ಮೊದಲು ನೋಡಬೇಕಾದ್ದು

ಸ್ಟ್ರೋಬ್ (ನೀರಿನಡಿ ಕ್ಯಾಮೆರಾದ ಹೊರಗೆ ಕಟ್ಟುವ ಫ್ಲಾಶ್) ಕೊಳ್ಳಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಪವರ್ ಎಷ್ಟು?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಲೆನ್ಸಿಗೂ ಮೀನಿಗೂ ನಡುವೆ ಎಷ್ಟು ನೀರಿರುತ್ತದೆ, ಆ ನೀರು ತಿಳಿಯೋ ಕದಡಿದ್ದೋ ಅನ್ನುವುದು ಮೊದಲನೆಯದು. ಅದಕ್ಕೆ ಉತ್ತರ ಸಿಕ್ಕಿತೆಂದರೆ ಬೀಮ್ ಅಂದರೆ ಬೆಳಕಿನ ಹರವು ಎಷ್ಟು ಅಗಲ ಬೇಕು, ಒಂದು ಸ್ಟ್ರೋಬ್ ಸಾಕೋ ಎರಡು ಬೇಕೋ, ಅದನ್ನು ಹಿಡಿದಿಡುವ ತೋಳು ಎಷ್ಟು ಉದ್ದ ಇರಬೇಕು ಅನ್ನುವುದೆಲ್ಲ ಅದರ ಬೆನ್ನಿಗೇ ಬರುತ್ತದೆ.

ಉದಾಹರಣೆಗೆ ನೇತ್ರಾಣಿಯನ್ನೇ ಇಟ್ಟುಕೊಳ್ಳೋಣ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ಡೈವ್ ಮಾಡುವ ದ್ವೀಪ, ನಮ್ಮಲ್ಲಿ ಎಷ್ಟೋ ಜನ ಸ್ಕೂಬಾ ಶುರು ಮಾಡಿದ್ದೇ ಅಲ್ಲಿ. ಮಳೆಗಾಲ ಕಳೆದ ಮೇಲೆ ಸೀಸನ್. ಒಂದು ದಿನ ನೀರು ತಿಳಿಯಾಗಿರುತ್ತದೆ, ಮಾರನೇ ದಿನ ಹಸಿರು ಮಬ್ಬು. ಸ್ಟ್ರೋಬ್ ಯಾಕೆ ಬೇಕು ಅಂತ ಕಲಿಯಲು ಇಂಥ ನೀರೇ ಒಳ್ಳೆಯದು.

ಕೆಂಪು ಎಲ್ಲಿ ಹೋಯಿತು?

ನೀರು ಬೆಳಕಿನ ಎಲ್ಲ ಬಣ್ಣಗಳನ್ನೂ ಒಂದೇ ಸಮ ಹೀರುವುದಿಲ್ಲ. ಮೊದಲು ಹೋಗುವುದು ಕೆಂಪು. ಐದಾರು ಮೀಟರ್ ಆಳಕ್ಕೇ ಅದು ಬಹುಪಾಲು ಮಾಯ. ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಕೊನೆಗೆ ಉಳಿಯುವುದು ನೀಲಿ, ಹಸಿರು. ಹಾಗಾಗಿ 12 ಮೀಟರ್ ಕೆಳಗೆ ಬಂಡೆ ಸಂದಿಯಲ್ಲಿ ಕೂತ ಕೆಂಪು ಮೀನು ಕಣ್ಣಿಗೆ ಮಾಸಿದ ಕಂದು ಬಣ್ಣದ್ದಾಗಿ ಕಾಣುತ್ತದೆ.

ಇಲ್ಲಿ ಹಲವರು ಗಮನಿಸದ ಒಂದು ವಿಷಯ ಇದೆ. ಲೆಕ್ಕಕ್ಕೆ ಬರುವುದು ಆಳ ಮಾತ್ರ ಅಲ್ಲ, ಬೆಳಕು ನೀರಿನಲ್ಲಿ ಸಾಗುವ ಒಟ್ಟು ದಾರಿ. ಸ್ಟ್ರೋಬ್‌ನಿಂದ ಮೀನು 50 ಸೆಂಟಿಮೀಟರ್ ದೂರದಲ್ಲಿದ್ದರೆ ಹೋಗಲು 50, ವಾಪಸ್ ಲೆನ್ಸಿಗೆ ಬರಲು 50. ಒಟ್ಟು ಒಂದು ಮೀಟರ್ ನೀರು. ಕೆಂಪು ಚೆನ್ನಾಗಿ ಉಳಿಯುತ್ತದೆ. ಅದೇ ಮೀನು 2 ಮೀಟರ್ ದೂರದಲ್ಲಿದ್ದರೆ ದಾರಿ 4 ಮೀಟರ್ ಆಯಿತು. ಪವರ್ ಎಷ್ಟೇ ಏರಿಸಿ, ವಾಪಸ್ ಬರುವುದರಲ್ಲಿ ನೀಲಿಯದೇ ಪಾಲು ಜಾಸ್ತಿ. ಬಣ್ಣ ಬೇಕಾದರೆ ಒಂದು ಮೀಟರ್ ಒಳಗೆ ಹೋಗಬೇಕು, ಅಷ್ಟೇ.

ಇನ್ನೊಂದು ಮೋಸ ನಮ್ಮ ಕಣ್ಣಿನದು. ಮಾಸ್ಕ್ ಗಾಜಿನ ಹಿಂದಿನಿಂದ ನೋಡುವಾಗ ನೀರಿನಲ್ಲಿರುವುದೆಲ್ಲ ನಿಜವಾದ ದೂರದ ಮುಕ್ಕಾಲು ಪಾಲಿನಲ್ಲಿ ಇರುವಂತೆ ಕಾಣುತ್ತದೆ. 75 ಸೆಂಟಿಮೀಟರ್ ಅಂತ ನೀವು ಅಂದಾಜು ಮಾಡಿದ ಮೀನು ನಿಜವಾಗಿ ಒಂದು ಮೀಟರ್ ಆಚೆ ಇದೆ. ಬೆಳಕು ಸಾಗಬೇಕಾದ್ದು ಆ ಪೂರ್ತಿ ಒಂದು ಮೀಟರ್.

ಕ್ಯಾಮೆರಾದ ಒಳಗಿನ ಫ್ಲಾಶ್ ಸಾಲದೇ? ಹೌಸಿಂಗ್ (ಕ್ಯಾಮೆರಾ ಇಡುವ ನೀರು ಹೊಗದ ಪೆಟ್ಟಿಗೆ) ಒಳಗೆ ಅದು ಲೆನ್ಸಿನ ಪಕ್ಕದಲ್ಲೇ ಇರುತ್ತದೆ, ಲೆನ್ಸ್ ಎದುರಿನ ನೀರನ್ನೇ ಬೆಳಗುತ್ತದೆ. ಲೆನ್ಸ್ ಮುಂದಿನ ಪಾರದರ್ಶಕ ಕಿಟಕಿ, ಅಂದರೆ ಪೋರ್ಟ್, ಅದಕ್ಕೆ ಅಡ್ಡ ಬಂದು ಚಿತ್ರದ ಮೂಲೆಯಲ್ಲಿ ನೆರಳು ಬೀಳುವುದೂ ಉಂಟು. ವಿಡಿಯೋ ಲೈಟ್ ವಿಡಿಯೋಗೆ ಸರಿ. ಆದರೆ ಹಗಲು ಹೊತ್ತು ಸೂರ್ಯನ ಬೆಳಕಿನ ಮುಂದೆ ಅದು ಪೇಲವ. ಸ್ಟ್ರೋಬ್ ತನ್ನ ಬೆಳಕನ್ನೆಲ್ಲ ಕ್ಷಣದ ಸಣ್ಣ ಭಾಗದಲ್ಲಿ ಸುರಿದುಬಿಡುತ್ತದೆ. ಓಡುವ ಮೀನೂ ಅಲುಗದೆ ನಿಲ್ಲುತ್ತದೆ.

ಗೈಡ್ ನಂಬರ್ ಓದುವ ಬಗೆ

ಸ್ಟ್ರೋಬ್‌ನ ಪವರ್ ಎಷ್ಟು ಅಂತ ಪೆಟ್ಟಿಗೆ ಮೇಲೆ ದೊಡ್ಡದಾಗಿ ಬರೆದಿರುವ ಸಂಖ್ಯೆ ಇದು. ಸೂತ್ರ ಸುಲಭ: ಗೈಡ್ ನಂಬರನ್ನು ದೂರದಿಂದ ಭಾಗಿಸಿದರೆ ಐಎಸ್‌ಒ 100ರಲ್ಲಿ ಬೇಕಾದ ಅಪರ್ಚರ್ (ಎಫ್ ಸಂಖ್ಯೆ) ಸಿಗುತ್ತದೆ. ಆದರೆ ಈ ಸಂಖ್ಯೆ ಹೆಚ್ಚಾಗಿ ಗಾಳಿಯಲ್ಲಿ ಅಳೆದದ್ದು. ನೀರಿನಲ್ಲಿ ಅದರ ಮೂರನೇ ಒಂದು ಭಾಗ ಸಿಗುತ್ತದೆ ಅಂದುಕೊಂಡರೆ ಒರಟು ಲೆಕ್ಕಕ್ಕೆ ಸಾಕು.

ಇನಾನ್ ಎಸ್-2000ರಂಥ ಚಿಕ್ಕ ಸ್ಟ್ರೋಬ್‌ನ ಗೈಡ್ ನಂಬರ್ 20. ನೀರಿನಲ್ಲಿ ಸುಮಾರು 6.7. ಅರ್ಧ ಮೀಟರ್ ದೂರಕ್ಕೆ ಎಫ್ 13 ಸಿಕ್ಕಿತು. ಸೀ ಆಂಡ್ ಸೀ ವೈಎಸ್-ಡಿ2ರಂಥ ದೊಡ್ಡದರದು 32. ಫುಲ್ ಪವರ್‌ನಲ್ಲಿ ದೊಡ್ಡದು ಎರಡೂವರೆ ಪಟ್ಟು ಬೆಳಕು ಕೊಡುತ್ತದೆ. ಕೇಳಲು ಭಾರಿ ಅನ್ನಿಸುತ್ತದೆ, ಅಲ್ವಾ? ಈಗ ಇನ್ನೊಂದು ಲೆಕ್ಕ ಮಾಡಿ. ಚಿಕ್ಕ ಸ್ಟ್ರೋಬ್ ಇಟ್ಟುಕೊಂಡೇ 80 ಸೆಂಟಿಮೀಟರ್‌ನಿಂದ 50ಕ್ಕೆ ಹತ್ತಿರ ಬಂದರೂ ಅದೇ ಎರಡೂವರೆ ಪಟ್ಟು ಸಿಗುತ್ತದೆ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕುಗ್ಗುವುದರಿಂದ ಹೀಗೆ. ನಡುವಿನ ನೀರು ಕಡಿಮೆಯಾಗಿ ಬಣ್ಣವೂ ಸುಧಾರಿಸುತ್ತದೆ. 30 ಸೆಂಟಿಮೀಟರ್ ಮುಂದೆ ಹೋಗಲು ದುಡ್ಡು ಕೊಡಬೇಕಿಲ್ಲ. ತೇಲುವಿಕೆಯ ಹಿಡಿತ ಮಾತ್ರ ಬೇಕು. ಅದಿಲ್ಲದೆ ಕ್ಯಾಮೆರಾ ಹಿಡಿಯಲೇಬಾರದು ಅನ್ನುವವನು ನಾನು. ಹವಳಕ್ಕೆ ಫಿನ್ ತಾಗಿಸಿ ತೆಗೆದ ಫೋಟೋ ಎಷ್ಟು ಚೆನ್ನಾಗಿದ್ದರೇನು ಬಂತು.

ಗೈಡ್ ನಂಬರ್‌ನಲ್ಲಿ ಇನ್ನೆರಡು ಮೋಸ. ಒಂದು, ಫೀಟ್ ಲೆಕ್ಕದ ಸಂಖ್ಯೆ ಮೀಟರ್ ಲೆಕ್ಕದ ಮೂರು ಪಟ್ಟಿಗಿಂತ ಜಾಸ್ತಿ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಬೇಡಿ. ಇನ್ನೊಂದು ಇದಕ್ಕಿಂತ ಸೂಕ್ಷ್ಮ. ಅದೇ ಬೆಳಕನ್ನು ಕಿರಿದಾದ ಬೀಮ್‌ಗೆ ಒತ್ತಿದರೆ ನಡುಮಧ್ಯೆ ಗೈಡ್ ನಂಬರ್ ಏರುತ್ತದೆ. ಅಗಲಕ್ಕೆ ಹರಡಿದರೆ ಇಳಿಯುತ್ತದೆ. ಅದಕ್ಕೇ ಬೀಮ್ ಕೋನ ಎಷ್ಟು ಅಂತ ನೋಡದೆ ಬರೀ ಈ ಸಂಖ್ಯೆ ಹೋಲಿಸಿದರೆ ಏನೂ ಗೊತ್ತಾಗುವುದಿಲ್ಲ.

ಪವರ್ ನಿಜಕ್ಕೂ ಬೇಕಾಗುವ ಸಂದರ್ಭ ಒಂದಿದೆ. ವೈಡ್ ಲೆನ್ಸ್ ಹಾಕಿ, ಮೇಲೆ ಸೂರ್ಯನನ್ನು ಚೌಕಟ್ಟಿನಲ್ಲಿ ಇಟ್ಟು, ಎದುರಿಗೆ ಬಂಡೆ ಅಥವಾ ಸ್ನ್ಯಾಪರ್ ಮೀನುಗಳ ಗುಂಪು ಬೆಳಗಬೇಕಾದಾಗ. ಸೂರ್ಯ ಬೆಳ್ಳಗೆ ಸುಟ್ಟುಹೋಗದಿರಲು ಎಫ್ 16, 1/200ರಂಥ ಸೆಟ್ಟಿಂಗ್ ಬೇಕು. ಎಫ್ 16ಕ್ಕೆ ಆ ಚಿಕ್ಕ ಸ್ಟ್ರೋಬ್ ಫುಲ್ ಪವರ್‌ನಲ್ಲೂ 40 ಸೆಂಟಿಮೀಟರ್ ಆಸುಪಾಸಿನಲ್ಲೇ ಸುಸ್ತು. ದೊಡ್ಡದು 65ರ ಹತ್ತಿರ ಮುಟ್ಟುತ್ತದೆ. ಇಂಥ ಚಿತ್ರಗಳೇ ನಿಮ್ಮ ಆಸೆಯಾದರೆ ದೊಡ್ಡದಕ್ಕೆ ದುಡ್ಡು ಹಾಕಿ. ನೂಡಿಬ್ರ್ಯಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು), ಸೀಗಡಿ, ಮೀನಿನ ಮುಖ ಅಂತ ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಕಡೆ ಒಲವಿದ್ದರೆ ದೊಡ್ಡದು ಸುಮ್ನೆ ಭಾರ. ಹದಿನೈದು ಇಪ್ಪತ್ತು ಸೆಂಟಿಮೀಟರ್ ದೂರಕ್ಕೆ ಚಿಕ್ಕದರ ಕಾಲು ಪವರ್ರೂ ಧಾರಾಳ.

ಕದಡಿದ ನೀರು, ಅಗಲದ ಬೀಮ್

ನೇತ್ರಾಣಿಯಂಥ ಕಡೆ ನೀರಿನಲ್ಲಿ ಪ್ಲಾಂಕ್ಟನ್, ಮರಳಿನ ಪುಡಿ ತೇಲುತ್ತಲೇ ಇರುತ್ತವೆ. ಲೆನ್ಸ್ ಎದುರಿನ ಈ ಕಣಗಳ ಮೇಲೆ ಬೆಳಕು ಬಿದ್ದರೆ ಚಿತ್ರದ ತುಂಬ ಬಿಳಿ ಚುಕ್ಕೆ. ಇದನ್ನೇ ಬ್ಯಾಕ್‌ಸ್ಕ್ಯಾಟರ್ ಅನ್ನುವುದು. ಚಾರ್ಮಾಡಿ ಘಾಟಿಯ ಮಂಜಿನಲ್ಲಿ ಹೈ ಬೀಮ್ ಹಾಕಿದ ಹಾಗೆ. ಬೆಳಕು ಏರಿಸಿದಷ್ಟೂ ಕಾಣುವುದು ಕಡಿಮೆ.

ಪರಿಹಾರ ಇರುವುದು ಸ್ಟ್ರೋಬ್ ಇಡುವ ಜಾಗದಲ್ಲಿ. ಪೋರ್ಟಿಗೂ ಮೀನಿಗೂ ನಡುವೆ ಇರುವ ನೀರಿನ ಮೇಲೆ ಬೆಳಕು ಬೀಳಬಾರದು, ಮೀನಿನ ಮೇಲೆ ಮಾತ್ರ ಬೀಳಬೇಕು. ವೈಡ್ ಚಿತ್ರಕ್ಕೆ ತೋಳುಗಳನ್ನು ಎರಡು ಪಕ್ಕಕ್ಕೂ ಚಾಚಿ. ಸ್ಟ್ರೋಬ್ ಮುಖ ಪೋರ್ಟಿಗಿಂತ ಮುಂದೆ ಬರದಂತೆ ಹಿಡಿಕೆಗಳ ಸಾಲಿಗೆ ಹಿಂದಕ್ಕೆ ಎಳೆಯಿರಿ. ಮೀನಿನತ್ತ ತಿರುಗಿಸಬೇಡಿ. ನೇರ ಮುಂದಕ್ಕೆ ಅಥವಾ ತುಸು ಹೊರಕ್ಕೇ ತಿರುಗಿರಲಿ. ಆಗ ಮೀನನ್ನು ಮುಟ್ಟುವುದು ಬೀಮ್‌ನ ಒಳ ಅಂಚು ಮಾತ್ರ. ನಡುವಿನ ನೀರು ಕತ್ತಲಲ್ಲೇ ಉಳಿಯುತ್ತದೆ.

ಈಗ ಬೀಮ್ ಕೋನದ ಬೆಲೆ ಗೊತ್ತಾಗುತ್ತದೆ. ಅಂಚಿನ ಬೆಳಕನ್ನೇ ಬಳಸುವುದಾದರೆ ಆ ಅಂಚು ಮೆದುವಾಗಿರಬೇಕು, ಅಗಲವಾಗಿರಬೇಕು. ನಡುವೆ ಉರಿದು ಅಂಚಿನಲ್ಲಿ ಥಟ್ಟನೆ ಕತ್ತರಿಸಿದಂತಿರುವ ಬೀಮ್ ವೈಡ್‌ಗೆ ಕೆಲಸಕ್ಕೆ ಬಾರದು. 100ರಿಂದ 110 ಡಿಗ್ರಿ ಇದ್ದರೆ ಒಳ್ಳೆಯದು. ಬೆಳಕು ಹರಡುವ ಮುಚ್ಚಳ, ಅಂದರೆ ಡಿಫ್ಯೂಸರ್, ಹಾಕಿದರೆ ಇನ್ನಷ್ಟು ಹರಡುತ್ತದೆ, ಆದರೆ ಸುಮಾರು ಒಂದು ಸ್ಟಾಪ್, ಅಂದರೆ ಅರ್ಧದಷ್ಟು, ಬೆಳಕು ಅದಕ್ಕೇ ಹೋಗುತ್ತದೆ. ಅಂಗಡಿಯಲ್ಲಿ ಬಿಳಿ ಗೋಡೆಗೆ ಒಮ್ಮೆ ಹೊಡೆದು ಫೋಟೋ ತೆಗೆದು ನೋಡಿ. ಬೆಳಕಿನ ಕಲೆ ಗುಂಡಗೆ, ಹದವಾಗಿ ಕರಗುತ್ತಾ ಹೋಗಿದೆಯೋ, ನಡುವೆ ಬಿಳಿ ಮಚ್ಚೆ ಕೂತಿದೆಯೋ ತಿಳಿಯುತ್ತದೆ.

ಬೆಳಕಿನ ಬಣ್ಣದ ಮಾತೂ ಇಲ್ಲೇ ಬರುತ್ತದೆ. ಕೆಲವು ಸ್ಟ್ರೋಬ್ 5500 ಕೆಲ್ವಿನ್ ಹತ್ತಿರ, ಕೆಲವು ಅದಕ್ಕಿಂತ ಬೆಚ್ಚಗೆ, 4800ರ ಸುತ್ತ. ಬೆಚ್ಚಗಿನ ಬೆಳಕಿಗೆ ವೈಟ್ ಬ್ಯಾಲೆನ್ಸ್ ಹೊಂದಿಸಿದಾಗ ಇಡೀ ಚಿತ್ರ ತಂಪಿನ ಕಡೆ ವಾಲುತ್ತದೆ, ಹಿಂದಿನ ನೀರು ಇನ್ನಷ್ಟು ನೀಲಿಯಾಗುತ್ತದೆ. ಹಸಿರು ನೀರಿನಲ್ಲಿ ಡೈವ್ ಮಾಡುವವರಿಗೆ ಇದು ಸಣ್ಣ ಲಾಭ ಏನಲ್ಲ.

ಒಂದೋ ಎರಡೋ? ಮ್ಯಾಕ್ರೋಗೆ ಒಂದು ಸಾಕು. ಒಂದು ಬದಿಯ ನೆರಳು ಬಿದ್ದರೆ ಮೀನಿಗೆ ಆಕಾರವೇ ಬರುತ್ತದೆ. ಫಿಶ್‌ಐ ಅಥವಾ ವೈಡ್ ಲೆನ್ಸಿಗೆ ಎರಡು ಬೇಕು, ಒಂದರ ಬೆಳಕು ಚೌಕಟ್ಟನ್ನು ತುಂಬುವುದೇ ಇಲ್ಲ. ಬಜೆಟ್ ಬಿಗಿ ಇದ್ದರೆ ಒಂದು ದೊಡ್ಡದಕ್ಕಿಂತ ಎರಡು ಚಿಕ್ಕದು ಮೇಲು. ಆದರೆ ಎರಡೂ ಒಂದೇ ಮಾಡೆಲ್ ಆಗಿರಲಿ, ಇಲ್ಲದಿದ್ದರೆ ಎಡಬಲದ ಬಣ್ಣ ಹೊಂದುವುದಿಲ್ಲ.

ಕ್ಯಾಮೆರಾಗೂ ಸ್ಟ್ರೋಬ್‌ಗೂ ಹೊಂದಿಕೆ

ಹೆಚ್ಚು ತಲೆನೋವು ಇಲ್ಲೇ. ಎರಡು ದಾರಿ ಇದೆ. ಒಂದು ವಿದ್ಯುತ್ ಕೇಬಲ್. ನಿಕಾನ್‌ನ ನೀರಿನಡಿಯ ನಿಕೊನೋಸ್ ಕ್ಯಾಮೆರಾಗಳ ತಯಾರಿಕೆ 2001ರಲ್ಲೇ ನಿಂತರೂ ಆ ಕಾಲದ ಐದು ಪಿನ್ನಿನ ಸಾಕೆಟ್ ಇನ್ನೂ ಬಳಕೆಯಲ್ಲಿದೆ. ಇದಕ್ಕೆ ಹೌಸಿಂಗ್‌ನಲ್ಲಿ ತೂತು ಬೇಕು, ಅಂದರೆ ನೀರು ನುಗ್ಗಲು ಇನ್ನೊಂದು ಬಾಗಿಲು. ಇನ್ನೊಂದು ಫೈಬರ್ ಆಪ್ಟಿಕ್ ಕೇಬಲ್. ಕ್ಯಾಮೆರಾದ ಫ್ಲಾಶ್ ಬೆಳಗಿದ್ದನ್ನು ಅದು ಹೊರಗಿನಿಂದಲೇ ಸ್ಟ್ರೋಬ್‌ನ ಸೆನ್ಸರ್‌ಗೆ ಮುಟ್ಟಿಸುತ್ತದೆ. ಕೇಬಲ್ ಕಳಚಿ ಬಂದರೂ ನೀರು ಒಳಗೆ ಹೋಗುವುದಿಲ್ಲ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ಆದರೆ ಕ್ಯಾಮೆರಾದಲ್ಲಿ ಫ್ಲಾಶ್ ಇರಬೇಕಲ್ಲ! ಒಲಿಂಪಸ್ ಟಿಜಿ-6ರಂಥ ಕ್ಯಾಮೆರಾದಲ್ಲಿದೆ. ಸೋನಿ ಎ7 ಸಾಲಿನಲ್ಲಿ, ನಿಕಾನ್ ಡಿ850ರಲ್ಲಿ ಇಲ್ಲ. ಅಂಥವಕ್ಕೆ ಹೌಸಿಂಗ್ ಒಳಗೆ ಎಲ್‌ಇಡಿ ಟ್ರಿಗರ್ ಹಾಕಿಸಬೇಕು. ಆ ಖರ್ಚನ್ನು ಸ್ಟ್ರೋಬ್ ಬೆಲೆಯ ಜೊತೆಗೇ ಕೂಡಿಸಿಕೊಳ್ಳಿ.

ಇನ್ನು ಪ್ರೀ-ಫ್ಲಾಶ್. ಬೆಳಕು ಅಳೆಯಲು ಎಷ್ಟೋ ಕ್ಯಾಮೆರಾಗಳು ನಿಜವಾದ ಫ್ಲಾಶ್‌ಗೆ ಮುಂಚೆ ಒಂದು ಸಣ್ಣ ಮಿಂಚು ಬಿಡುತ್ತವೆ. ಸ್ಟ್ರೋಬ್ ಆ ಮೊದಲ ಮಿಂಚಿಗೇ ಹೊಡೆದುಬಿಟ್ಟರೆ ಶಟರ್ ತೆರೆಯುವಾಗ ಅದು ಖಾಲಿ. ಎರಡೂ ಎಷ್ಟು ಬೇಗ ಆಗುತ್ತವೆ ಅಂದರೆ ಕಣ್ಣಿಗೆ ಒಂದೇ ಮಿಂಚಿನಂತೆ ಕಾಣುತ್ತದೆ. "ಹೊಡೀತಿದೆ ಸಾರ್, ನೋಡಿ" ಅಂತ ಅಂಗಡಿಯವರು ತೋರಿಸಿದರೆ ನಂಬಬೇಡಿ. ಒಂದು ಫೋಟೋ ಸ್ಟ್ರೋಬ್ ಮುಖ ತೆರೆದಿಟ್ಟು, ಇನ್ನೊಂದು ದಪ್ಪ ಕಪ್ಪು ಬಟ್ಟೆ ಮುಚ್ಚಿ ತೆಗೆಯಿರಿ. ಎರಡರಲ್ಲೂ ಬೆಳಕು ಒಂದೇ ಆಗಿದ್ದರೆ ಸ್ಟ್ರೋಬ್ ತಪ್ಪು ಹೊತ್ತಿಗೆ ಹೊಡೆಯುತ್ತಿದೆ ಅಂತ ಅರ್ಥ. ಪ್ರೀ-ಫ್ಲಾಶ್ ಬಿಟ್ಟು ಎರಡನೆಯದಕ್ಕೆ ಹೊಡೆಯುವ ಮೋಡ್ ಅದರಲ್ಲಿ ಇದೆಯೇ ಕೇಳಿ.

ಟಿಟಿಎಲ್ ಅಂದರೆ ಕ್ಯಾಮೆರಾವೇ ಬೆಳಕು ಅಳೆದು ನಿಲ್ಲಿಸುವುದು. ಮ್ಯಾಕ್ರೋದಲ್ಲಿ ಮೀನು ಚೌಕಟ್ಟು ತುಂಬಿರುವುದರಿಂದ ಇದು ಚೆನ್ನಾಗಿ ನಡೆಯುತ್ತದೆ. ವೈಡ್‌ನಲ್ಲಿ ಸುತ್ತಲಿನ ಕಪ್ಪುನೀಲಿ ನೀರನ್ನು ನೋಡಿ ಬೆಳಕು ಸಾಲದು ಅಂದುಕೊಂಡು ಮೀನನ್ನು ಬೆಳ್ಳಗೆ ಸುಡುತ್ತದೆ. ಹಾಗಾಗಿ ಮ್ಯಾನುಯಲ್ ಪವರ್ ತಿರುಗಿಸುವ ಗುಂಡಿ ಇಲ್ಲದ ಸ್ಟ್ರೋಬ್ ಬೇಡವೇ ಬೇಡ. ನೀರಿನಲ್ಲಿ ಮ್ಯಾನುಯಲ್ ಅಂದುಕೊಂಡಷ್ಟು ಕಷ್ಟ ಅಲ್ಲ. ನಾವು ಯಾವಾಗಲೂ ಹತ್ತಿರ ಹತ್ತಿರ ಒಂದೇ ದೂರದಿಂದ ತೆಗೆಯುತ್ತೇವೆ ತಾನೆ. ಅರ್ಧ ಪವರ್, ಎಫ್ 8, 1/125, ಐಎಸ್‌ಒ 200ರಿಂದ ವೈಡ್ ಶುರು ಮಾಡಿ ಪರದೆ ನೋಡುತ್ತಾ ಸರಿಪಡಿಸಿ. ಮೀನು ಮಂಕಾದರೆ ಸ್ಟ್ರೋಬ್ ಏರಿಸಿ, ಹಿಂದಿನ ನೀರು ಮಂಕಾದರೆ ಶಟರ್ ನಿಧಾನ ಮಾಡಿ.

ಬ್ಯಾಟರಿ, ಒ-ರಿಂಗ್

ಎಎ ಸೆಲ್ ನಾಲ್ಕು ಹಾಕುವ ಸ್ಟ್ರೋಬ್ ಆದರೆ ಎನಿಲೂಪ್‌ನಂಥ ರೀಚಾರ್ಜ್ ಆಗುವ ನಿಕಲ್ ಸೆಲ್ ಬಳಸಿ. ಮಾಮೂಲಿ ಆಲ್ಕಲೈನ್ ಸೆಲ್‌ನಲ್ಲಿ ಒಂದು ಹೊಡೆತಕ್ಕೂ ಮುಂದಿನದಕ್ಕೂ ನಡುವೆ ಕಾಯುವ ಸಮಯ ಬೇಗ ಉದ್ದವಾಗುತ್ತದೆ, ಅಷ್ಟರಲ್ಲಿ ಮೀನು ಹೋಗಿರುತ್ತದೆ. ಲಿಥಿಯಂ ಪ್ಯಾಕ್‌ನ ಸ್ಟ್ರೋಬ್ ಒಯ್ದು ಅಂಡಮಾನಿಗೆ ವಿಮಾನ ಹತ್ತುವವರು ಬಿಡಿ ಪ್ಯಾಕುಗಳನ್ನು ಕೈಚೀಲದಲ್ಲೇ ಇಡಬೇಕು, ಚೆಕ್-ಇನ್ ಲಗೇಜಿಗೆ ಹಾಕುವಂತಿಲ್ಲ. ಬ್ಯಾಟರಿ ಗೂಡು ಸರ್ಕ್ಯೂಟ್‌ನಿಂದ ಬೇರೆಯಾಗಿ ಸೀಲ್ ಆಗಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ನೀರು ನುಗ್ಗಿದರೂ ಒರೆಸಿ ಒಣಗಿಸಿ ಉಳಿಸಿಕೊಳ್ಳಬಹುದು.

ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೀರಾ? ಮೊದಲು ಬ್ಯಾಟರಿ ಮುಚ್ಚಳ ತೆರೆಯಿರಿ. ಲೋಹದ ತುದಿಗಳಲ್ಲಿ ಹಸಿರು ಕಿಲುಬು ಕಂಡರೆ ಒಳಗೆ ಎಂದೋ ಉಪ್ಪುನೀರು ಹೊಕ್ಕಿದೆ. ಒ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ತೆಗೆದು ಅದು ಕೂರುವ ತೋಡಿನಲ್ಲಿ ಗೀರು ಇದೆಯೇ ಉಗುರಿನಲ್ಲಿ ಸವರಿ ನೋಡಿ. ಒ-ರಿಂಗ್ ಹೊಸದು ಸಿಗುತ್ತದೆ, ತೋಡು ಸಿಗುವುದಿಲ್ಲ. ಕೊನೆಗೆ ಚಾರ್ಜ್ ಆದ ಸೆಲ್ ಹಾಕಿ ಫುಲ್ ಪವರ್‌ನಲ್ಲಿ ಕೆಲವು ಸಲ, ನಡುವೆ ಬಿಡುವು ಕೊಟ್ಟು, ಹೊಡೆಸಿ. ರೆಡಿ ದೀಪ ಪ್ರತಿ ಸಲವೂ ಹೆಚ್ಚುಕಮ್ಮಿ ಅಷ್ಟೇ ಹೊತ್ತಿಗೆ ಹತ್ತಿಕೊಂಡರೆ ಬೆಲೆಯ ಮಾತು ಶುರು ಮಾಡಬಹುದು.