ಬಿಸಿಲಿಗೆ ಒಣಗುವ ಗೊಬ್ಬರ, ಒಂದೇ ಸಲ ಎರಚುವ ಯೂರಿಯಾ

ಏಪ್ರಿಲ್ ಕೊನೆಯಲ್ಲಿ ಕೊರಟಗೆರೆ ಕಡೆ ಹೋದರೆ ರಾಗಿ ಹೊಲಗಳಲ್ಲಿ ಸಾಲು ಸಾಲು ಗೊಬ್ಬರದ ಗುಡ್ಡೆಗಳು ಕಾಣುತ್ತವೆ. ಯುಗಾದಿ ಕಳೆದೊಡನೆ ತಿಪ್ಪೆ ಬಗೆದು ಹೊಲಕ್ಕೆ ಹೊಡೆಯುವುದು ತುಮಕೂರು ಸೀಮೆಯ ವಾಡಿಕೆ. ಆ ಹೊತ್ತಿಗೆ ಆಳುಗಳಿಗೂ ಟ್ರ್ಯಾಕ್ಟರಿಗೂ ಬಿಡುವಿರುತ್ತದೆ, ಅಷ್ಟೇ ಕಾರಣ. ಕಳೆದ ಬೇಸಿಗೆಯಲ್ಲಿ ಅಂಥದೊಂದು ಗುಡ್ಡೆಯನ್ನು ಕೋಲಿನಿಂದ ಕೆದಕಿದೆ. ಮೇಲಿನ ನಾಲ್ಕು ಬೆರಳು ಬೆರಣಿಯಂತೆ ಒಣಗಿತ್ತು. ಒಳಗೆ ಕೊಳೆಯದ ಹುಲ್ಲು, ಬಿಳಿ ಬೂಷ್ಟು, ನಡುವೆ ಮುದುರಿ ಮಲಗಿದ್ದ ಎರಡು ಗೊಣ್ಣೆಹುಳು.

ಹೊಲದ ಯಜಮಾನರು ಹೆಮ್ಮೆಯಿಂದಲೇ ಕೇಳಿದರು: "ಸಾರ್, ಇಷ್ಟು ಗೊಬ್ಬರ ಹಾಕಿದ್ದೇನೆ. ಈ ವರ್ಷ ಯೂರಿಯಾ ಬಿಡಬಹುದಲ್ಲವೇ?"

ಬಿಡಲಾಗದು ಎಂದೆ. ಯೂರಿಯಾ ಕೊಡುವುದು ಸಾರಜನಕ. ಮಳೆಯಾಶ್ರಿತ ರಾಗಿಗೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರದ ಜೊತೆಗೆ 20 ಕಿಲೋ ಸಾರಜನಕ, 16 ಕಿಲೋ ರಂಜಕ, 15 ಕಿಲೋ ಪೊಟ್ಯಾಷ್ ಬೇಕು. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಅರ್ಧದಷ್ಟು. ಮೂರು ಟನ್ನಿಗೆ 15 ಕಿಲೋ ಆಯಿತು. ಆದರೆ ಮೊದಲ ಬೆಳೆಯ ಬಾಯಿಗೆ ಬೀಳುವುದು ಅದರಲ್ಲಿ ಸುಮಾರು ಮೂರನೇ ಒಂದು ಪಾಲು. ಅದೂ ಕಳಿತ ಗೊಬ್ಬರದ ಲೆಕ್ಕ. ಅವರ ಗುಡ್ಡೆಯಲ್ಲಿದ್ದಂಥ ಕೊಳೆಯದ ಹುಲ್ಲು ಮಣ್ಣಿಗೆ ಸೇರಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ಮೊದಲು ತಾವೇ ತಿನ್ನುತ್ತವೆ. ಇಪ್ಪತ್ತು ದಿನದ ಪೈರು ಹಳದಿಗೆ ತಿರುಗುತ್ತದೆ. ಆಗ ಗಾಬರಿಯಾಗಿ ಒಂದೇ ಸಲಕ್ಕೆ ಚೀಲ ಯೂರಿಯಾ ಎರಚುತ್ತಾರೆ.

ಸಾವಯವವೋ ರಾಸಾಯನಿಕವೋ ಎಂಬ ಜಗಳ ಕೇಳಿ ಕೇಳಿ ನನಗೆ ಸಾಕಾಗಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1978ರಿಂದ ಒಂದೇ ಒಣಭೂಮಿ ತಾಕಿನಲ್ಲಿ ರಾಗಿ ಬೆಳೆದು ನೋಡುತ್ತಿದ್ದಾರೆ. ಬರೀ ರಸಗೊಬ್ಬರ ಹಾಕಿದ ತುಂಡುಗಳಲ್ಲಿ ಇಳುವರಿ ವರ್ಷ ಕಳೆದಂತೆ ಕುಗ್ಗಿತು. ಎರಡನ್ನೂ ಹಾಕಿದ ತುಂಡುಗಳು ಮಳೆ ಕೈಕೊಟ್ಟ ವರ್ಷಗಳಲ್ಲೂ ಮೇಲುಗೈ ಉಳಿಸಿಕೊಂಡವು. ನಮ್ಮ ಕೆಂಪು ಮಣ್ಣಿಗೆ ನೀರನ್ನೂ ಪೋಷಕಾಂಶವನ್ನೂ ಹಿಡಿದಿಡುವ ಶಕ್ತಿ ಕಡಿಮೆ. ಆ ಶಕ್ತಿ ಕೊಡುವ ಸಾವಯವ ಇಂಗಾಲ ನೂರಕ್ಕೆ ಅರ್ಧದಷ್ಟೂ ಇಲ್ಲದ ಹೊಲಗಳೇ ಹೆಚ್ಚು. ಅಂಥ ಮಣ್ಣಿಗೆ ಚೀಲದ ಗೊಬ್ಬರ ಮಾತ್ರ ಹಾಕುವುದೆಂದರೆ ತೂತು ಕೊಡಕ್ಕೆ ನೀರು ಸುರಿದಂತೆ.

ಇನ್ನು ರಂಜಕದ ವಿಷಯ. ಇದನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಕೆಂಪು ಮಣ್ಣಿನ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಹಿಡಿದು ಬೇರಿಗೆ ಸಿಗದಂತೆ ಕಟ್ಟಿಹಾಕುತ್ತವೆ. ಇದಕ್ಕೆ ನಾನು ಹೇಳುವ ಉಪಾಯ, ರಂಜಕ ಕೊಡುವ ಸೂಪರ್ ಫಾಸ್ಫೇಟನ್ನು ನೇರವಾಗಿ ಹೊಲಕ್ಕೆ ಎರಚದೆ ಗೊಬ್ಬರದೊಳಗೆ ಸೇರಿಸುವುದು. ಬಿತ್ತನೆಗೆ ಎರಡು ಮೂರು ವಾರ ಇರುವಾಗ ಕಳಿತ ಗೊಬ್ಬರದ ಒಂದು ಪಾಲನ್ನು ಮರದ ನೆರಳಿನಲ್ಲಿ ಹರಡಿ, ಅದರ ಮೇಲೆ ಸೂಪರ್, ಮತ್ತೆ ಗೊಬ್ಬರ, ಹೀಗೆ ಪದರ ಕಟ್ಟಿ, ನೀರು ಚಿಮುಕಿಸಿ ಮುಚ್ಚಿಡಬೇಕು. ಗೊಬ್ಬರದ ಸಾರಜನಕ ಅಮೋನಿಯ ಅನಿಲವಾಗಿ ಹಾರಿಹೋಗುವುದನ್ನೂ ಸೂಪರ್ ತಡೆಯುತ್ತದೆ. ಬಿತ್ತುವಾಗ ಇದನ್ನು ಸಾಲಿಗೆ ಹಾಕಿದರೆ ಮಣ್ಣಿಗೆ ತಾಗುವ ರಂಜಕ ಕಡಿಮೆ, ಬೇರಿಗೆ ಸಿಗುವುದು ಹೆಚ್ಚು.

ಲೆಕ್ಕವೂ ಸಲೀಸು. ಎಕರೆಗೆ ಎರಡು ಚೀಲ ಸೂಪರ್, ಒಂದು ಚೀಲ ಯೂರಿಯಾ, ಅರ್ಧ ಚೀಲ ಪೊಟ್ಯಾಷ್. ಯೂರಿಯಾದಲ್ಲಿ ಅರ್ಧ ಬಿತ್ತನೆಗೆ, ಉಳಿದರ್ಧ ತಿಂಗಳಾದ ಮೇಲೆ ಕಳೆ ತೆಗೆದು ನೆಲ ಹಸಿಯಾಗಿರುವಾಗ. ಮಳೆ ಬಾರದಿದ್ದರೆ ಕಾಯಿರಿ. ಒಣ ನೆಲದ ಮೇಲೆ ಬಿದ್ದ ಯೂರಿಯಾ ಗಾಳಿಯ ಪಾಲು. ಮಣ್ಣು ಪರೀಕ್ಷೆಯ ಚೀಟಿ ಕೈಯಲ್ಲಿದ್ದರೆ ಅದರಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬೇಕು.

ಹಾಗಾದರೆ ಬಿಸಿಲಿಗೆ ಒಣಗುವ ಆ ಗುಡ್ಡೆಗಳ ಗತಿ? ಹದ ಮಳೆ ಬೀಳುವವರೆಗೆ ಗೊಬ್ಬರ ತಿಪ್ಪೆಗುಂಡಿಯಲ್ಲೇ, ಮಣ್ಣಿನ ಹೊದಿಕೆಯಡಿ ಇರಲಿ. ಹೊಲಕ್ಕೆ ಹೊಡೆದ ದಿನವೇ ಹರಡಿ ಉಳಬೇಕು. ಶಿರಾ, ಪಾವಗಡ ಕಡೆ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವವರಿಗೂ ಇದೇ ಮಾತು. ಮಂದೆ ಎದ್ದುಹೋದ ಮೇಲೆ ಉಳದೆ ಬಿಟ್ಟರೆ ಗಂಜಲದ ಸತ್ವ ಬಿಸಿಲಿಗೆ ಹೋಗುತ್ತದೆ, ಕುರಿಯವರಿಗೆ ಕೊಟ್ಟ ದುಡ್ಡೂ ಅದರ ಜೊತೆಗೇ ಹೋಗುತ್ತದೆ.

ಆ ಯಜಮಾನರು ಮೊನ್ನೆ ಫೋನ್ ಮಾಡಿದ್ದರು. ಈ ಸಲ ತಿಪ್ಪೆಗೆ ಕೆರೆಯ ಗೋಡುಮಣ್ಣು ಮೆತ್ತಿದ್ದಾರಂತೆ. "ಮನೆಯವಳು ಒಲೆ ಬೂದಿಯನ್ನು ದಿನಾ ಅದರ ಮೇಲೇ ಸುರಿಯುತ್ತಿದ್ದಳು. ಈಗ ಎಲ್ಲಿ ಹಾಕಬೇಕು ಎಂದು ಕೇಳುತ್ತಿದ್ದಾಳೆ" ಎಂದರು. ಬೂದಿ ಕ್ಷಾರ, ತಿಪ್ಪೆಗೆ ಬಿದ್ದರೆ ಅಮೋನಿಯವನ್ನು ಹೊರಗಟ್ಟುತ್ತದೆ, ಯೂರಿಯಾದ ಜೊತೆಗೂ ಸೇರಿಸಬಾರದು ಎಂದೆ. ಹಿತ್ತಲಿನ ತೆಂಗಿನ ಪಾತಿಗೆ ಹಾಕಲಿ.