ಅಡೆಲ್ ಆಲ್ಬಮ್‌ಗಳಿಗೆ ಬರೀ ನಂಬರ್ ಯಾಕೆ?

ಪ್ರಶ್ನೆ: ಇಂಗ್ಲೆಂಡಿನ ಗಾಯಕಿ ಅಡೆಲ್ ಅವರ ಆಲ್ಬಮ್‌ಗಳ ಹೆಸರು 19, 21, 25, 30. ಅದು ಅವರ ವಯಸ್ಸು ಅಂತಾರೆ. ಹಾಗಿದ್ರೆ ಲೆಕ್ಕ ಯಾಕೆ ಕೂಡಲ್ಲ?

ವಯಸ್ಸೇ. ಆದರೆ ಆಲ್ಬಮ್ ಬಿಡುಗಡೆಯಾದ ದಿನದ ವಯಸ್ಸಲ್ಲ. ಆ ಹಾಡುಗಳಿಗೆ ಕಾರಣವಾದ ಕಾಲದ ವಯಸ್ಸು.

ಅಡೆಲ್ ಹುಟ್ಟಿದ್ದು 1988ರ ಮೇ 5ರಂದು, ಲಂಡನ್ನಿನ ಟಾಟನ್‌ಹ್ಯಾಮ್‌ನಲ್ಲಿ. ಬೆಳೆಸಿದ್ದು ತಾಯಿ ಒಬ್ಬರೇ. ಕ್ರಾಯ್ಡನ್‌ನಲ್ಲಿ ಸಂಗೀತ, ನಾಟಕ ಕಲಿಸುವ ಬ್ರಿಟ್ ಸ್ಕೂಲಿನಲ್ಲಿ 2006ರಲ್ಲಿ ಓದು ಮುಗಿಯಿತು. ಮೈಸ್ಪೇಸ್ ಅನ್ನುವ ಜಾಲತಾಣಕ್ಕೆ ಹಾಕಿದ ಹಾಡುಗಳನ್ನು ಕೇಳಿ ಎಕ್ಸ್‌ಎಲ್ ರೆಕಾರ್ಡಿಂಗ್ಸ್ ಅನ್ನುವ ಮ್ಯೂಸಿಕ್ ಕಂಪನಿ ಕರೆಯಿತು. 2008ರ ಜನವರಿಯಲ್ಲಿ '19' ಬಂದಾಗ ಅವರಿಗೂ 19. ಲೆಕ್ಕ ಸರಿಹೋಗಿದ್ದು ಅದೊಂದೇ ಸಲ.

'21' ಬಂದಾಗ 22 ಆಗಿತ್ತು. ಪ್ರೀತಿ ಮುರಿದ ನೋವು ಆ ಆಲ್ಬಮ್ ತುಂಬಾ ಇದೆ. 2011ರ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ನಡೆದ, ಬ್ರಿಟನ್ನಿನ ಸಂಗೀತ ಪ್ರಶಸ್ತಿಯಾದ ಬ್ರಿಟ್ ಪ್ರಶಸ್ತಿ ಸಮಾರಂಭದಲ್ಲಿ ಅದರದೇ ಒಂದು ಹಾಡು ಹಾಡಿದರು. ಜೊತೆಗೆ ಪಿಯಾನೋ ಬಿಟ್ಟರೆ ಏನೂ ಇಲ್ಲ. ಕುಣಿತ ಇಲ್ಲ, ಅಬ್ಬರ ಇಲ್ಲ. ಸುಮ್ನೆ ನಿಂತು ಹಾಡಿದರು. ಮುಗಿಯುವಷ್ಟರಲ್ಲಿ ಅವರದೇ ಕಣ್ಣು ತುಂಬಿತ್ತು. ಆ ವಿಡಿಯೋ ಎಷ್ಟು ಸಲ ನೋಡಿದರೂ ನನಗೆ ಗಂಟಲು ಕಟ್ಟುತ್ತದೆ. '21' ಮೂರು ಕೋಟಿಗೂ ಜಾಸ್ತಿ ಪ್ರತಿ ಮಾರಾಟವಾಯಿತು. 2012ರಲ್ಲಿ ಒಂದೇ ರಾತ್ರಿ ಆರು ಗ್ರ್ಯಾಮಿ.

ಅದಕ್ಕೂ ಮೊದಲು, 2011ರ ನವೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಅವರ ಗಂಟಲಿಗೆ ಆಪರೇಷನ್ ಆಗಿತ್ತು. ಧ್ವನಿತಂತುವಿನಲ್ಲಿ ರಕ್ತಸ್ರಾವ. ಹಾಡುವುದಿರಲಿ, ಕೆಲವು ವಾರ ಮಾತೇ ಆಡುವ ಹಾಗಿರಲಿಲ್ಲ. ಹಾಡಿನಿಂದಲೇ ಬದುಕುವವರಿಗೆ ಅದೆಂಥ ಭಯ, ಅಲ್ವಾ? ಮರುವರ್ಷ ಮಗ ಹುಟ್ಟಿದ. '25' ಬರುವ ಹೊತ್ತಿಗೆ 2015, ಅವರಿಗೆ 27. ಅಮೆರಿಕದಲ್ಲಿ ಮೊದಲ ವಾರಕ್ಕೇ 33 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು.

'30' ಬಂದಿದ್ದು 2021ರಲ್ಲಿ, 33ನೇ ವಯಸ್ಸಿನಲ್ಲಿ. ಲೆಕ್ಕ ಹಾಕಿ ನೋಡಿ: ಮೊದಲು ವ್ಯತ್ಯಾಸವೇ ಇಲ್ಲ, ಆಮೇಲೆ ಒಂದು ವರ್ಷ, ಎರಡು, ಮೂರು. ಬದುಕಿದ್ದನ್ನು ಹಾಡಾಗಿಸಲು ಪ್ರತಿ ಸಲ ಇನ್ನೂ ಸ್ವಲ್ಪ ಜಾಸ್ತಿ ಸಮಯ ಹಿಡಿದಿದೆ.

'30' ಮದುವೆ ಮುರಿದ ಕಾಲದ್ದು. ಒಂದು ಹಾಡಿನಲ್ಲಿ ಪುಟ್ಟ ಮಗನ ಜೊತೆ ಆಡಿದ ಮಾತುಗಳನ್ನೇ ಸೇರಿಸಿದ್ದಾರೆ. ಹಾಡುಗಳ ಕ್ರಮ ತಪ್ಪಿದರೆ ಕಥೆಯೂ ತಪ್ಪುತ್ತದೆ ಅನ್ನುವುದು ಅವರ ವಾದ. ಅವರು ಕೇಳಿಕೊಂಡ ಮೇಲೆ ಹಾಡು ಕೇಳುವ ಆ್ಯಪ್ ಸ್ಪಾಟಿಫೈ, ಆಲ್ಬಮ್‌ಗಳ ಮುಖ್ಯ ಬಟನ್‌ನಿಂದ ಶಫಲ್, ಅಂದರೆ ಹಾಡುಗಳ ಕ್ರಮ ಕಲಸುವ ಆಯ್ಕೆ, ತೆಗೆಯಿತು. ನೀವೂ ಮೊದಲ ಹಾಡಿನಿಂದಲೇ ಕೇಳಿ.