ದುಡ್ಡಿಗಲ್ಲದಿದ್ದರೆ ಓಪನ್ ಸೋರ್ಸ್ ಮೇಂಟೇನರ್‌ಗಳು ಯಾಕೆ ದುಡಿಯುತ್ತಾರೆ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳನ್ನು, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ಬದಲಿಸಬಹುದಾದ ಸಾಫ್ಟ್‌ವೇರ್‌ಗಳನ್ನು, ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಪ್ರೇರಣೆ ಏನು ಎಂಬುದೇ ನನ್ನ ರಿಸರ್ಚ್ ಇಂಟರ್ನ್‌ಶಿಪ್‌ನ ವಿಷಯ. ‘ನೀವು ಯಾಕೆ ಈ ಕೆಲಸ ಮಾಡ್ತೀರಿ?’ ಅಂತ ಕೇಳಿದರೆ ಸಾಕಾ?

ಉತ್ತರ: ಸಾಲದು. ಹಾಗೆ ಕೇಳಿದರೆ ಜಾಸ್ತಿ ಜನ ‘ಖುಷಿಗೆ’ ಅಂತಾರೆ. ಅದು ಸುಳ್ಳೇನಲ್ಲ. ಸಂಶೋಧಕರಾದ ಕರೀಂ ಲಖಾನಿ ಮತ್ತು ರಾಬರ್ಟ್ ವುಲ್ಫ್ 684 ಓಪನ್ ಸೋರ್ಸ್ ಡೆವಲಪರ್‌ಗಳನ್ನು ಕೇಳಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಕೆಲಸದಲ್ಲಿ ಸಿಗುವ ಖುಷಿಯೇ ದೊಡ್ಡ ಕಾರಣವಾಗಿತ್ತು. ಅವರಲ್ಲಿ ಸುಮಾರು ಶೇ 40 ಮಂದಿಗೆ ಆ ಕೆಲಸಕ್ಕೆ ದುಡ್ಡೂ ಬರುತ್ತಿತ್ತು. ಖುಷಿ, ದುಡ್ಡು ಎರಡೂ ಒಟ್ಟಿಗೇ ಇರಬಹುದು.

ಆದರೆ ಕೋಡ್ ಬರೆಯುವುದು ಬೇರೆ, ಪ್ರಾಜೆಕ್ಟ್ ನೋಡಿಕೊಳ್ಳುವುದು ಬೇರೆ. ಮೇಂಟೇನರ್ ಬೇರೆಯವರು ಕಳಿಸಿದ ಪ್ಯಾಚ್ (ಕೋಡ್ ಬದಲಾವಣೆ) ಓದಬೇಕು, ಬಗ್ ರಿಪೋರ್ಟ್‌ಗೆ ಉತ್ತರಿಸಬೇಕು, ಎಷ್ಟೋ ಸಲ ‘ಇದು ಬೇಡ’ ಅನ್ನಬೇಕು. ಅದಕ್ಕೇ ಶುರು ಮಾಡಿದ್ದು ಯಾಕೆ, ಈಗಲೂ ಬಿಡದೆ ಇರುವುದು ಯಾಕೆ ಎಂದು ಎರಡು ಪ್ರಶ್ನೆ ಮಾಡಿ. ಶುರುವಾಗುವುದು ತನ್ನದೇ ಅಗತ್ಯಕ್ಕೋ ಕಲಿಯುವ ಆಸೆಗೋ ಇರಬಹುದು. ಉಳಿಯುವುದು ಮಾತ್ರ ಎಷ್ಟೋ ಸಲ ‘ನಾನು ಬಿಟ್ಟರೆ ಯಾರು ನೋಡ್ತಾರೆ’ ಅನ್ನುವ ಜವಾಬ್ದಾರಿಯಿಂದ.

ಆ ಜವಾಬ್ದಾರಿ ಎಷ್ಟು ಭಾರ ಅನ್ನುವುದು 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ ಯುಟಿಲ್ಸ್ ಪ್ರಕರಣದಲ್ಲಿ ಕಂಡಿತು. ಲಿನಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಎಲ್ಲೆಡೆ ಬಳಕೆಯಲ್ಲಿರುವ, ಫೈಲ್ ಗಾತ್ರ ಕುಗ್ಗಿಸುವ ಆ ಕಂಪ್ರೆಷನ್ ಟೂಲನ್ನು ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ಬಿಡುವಿನ ಹೊತ್ತಿನಲ್ಲಿ ನೋಡಿಕೊಳ್ಳುತ್ತಿದ್ದರು. ಕೆಲಸ ನಿಧಾನವಾಯಿತು ಅಂತ ಕೆಲವರು ಅವರ ಮೇಲೆ ಒತ್ತಡ ಹೇರಿದರು. ಸಹಾಯಕ್ಕೆ ಬಂದಂತೆ ನಟಿಸಿದ ವ್ಯಕ್ತಿ ನಂಬಿಕೆ ಗಳಿಸಿ, ಕೊನೆಗೆ ಒಳಗೆ ಹಿಂಬಾಗಿಲು, ಅಂದರೆ ಕಂಪ್ಯೂಟರ್‌ಗಳಿಗೆ ಕದ್ದು ನುಗ್ಗಲು ದಾರಿ ಮಾಡುವ ಗುಟ್ಟಿನ ಕೋಡ್, ಇಟ್ಟ. ಪ್ರೇರಣೆಯ ಜೊತೆ ದಣಿವನ್ನೂ ಕೇಳದ ಅಧ್ಯಯನ ನನ್ನ ಪ್ರಕಾರ ಅರ್ಧವೇ.

ಹಾಗಾಗಿ ನಡೆದದ್ದನ್ನು ಕೇಳಿ: ‘ಹೋದ ವಾರ ಪ್ರಾಜೆಕ್ಟ್‌ಗೆ ಅಂತ ಏನೇನು ಮಾಡಿದಿರಿ? ಬಿಟ್ಟುಬಿಡೋಣ ಅನ್ನಿಸಿದ್ದು ಯಾವಾಗ?’ ಬಿಟ್ಟು ಹೋದವರನ್ನೂ ಹುಡುಕಿ ಮಾತಾಡಿಸಿ. ಉಳಿದವರನ್ನಷ್ಟೇ ಕೇಳಿದರೆ ಚಿತ್ರ ತಪ್ಪಾಗುತ್ತದೆ, ಅಲ್ವಾ?

ಬೆಂಗಳೂರಿನಲ್ಲಿ ನಿಮಗೆ ಅನುಕೂಲ ಜಾಸ್ತಿ. ಓಪನ್ ಸೋರ್ಸ್‌ಗಾಗಿ ಕೆಲಸ ಮಾಡುವ ಸಂಸ್ಥೆ ಫಾಸ್ ಯುನೈಟೆಡ್‌ನ ಮೀಟಪ್‌ಗಳಿಗೆ ಹೋಗಿ. ಗುಬ್ಬಿ, ನವಿಲು ಥರದ ಮುಕ್ತ ಕನ್ನಡ ಫಾಂಟ್‌ಗಳ ಕೆಲಸ ಮಾಡುವವರನ್ನೂ ಸೇರಿಸಿಕೊಳ್ಳಿ. ಹೋಗುವ ಮುಂಚೆ ಅವರ ಪ್ರಾಜೆಕ್ಟ್‌ನ ಕಮಿಟ್‌ಗಳನ್ನು (ಕೋಡ್ ಬದಲಾವಣೆಗಳ ದಾಖಲೆ), ಹಳೇ ಚರ್ಚೆಗಳನ್ನು ಓದಿ. ಅಲ್ಲೇ ಸಿಗುವ ಉತ್ತರವನ್ನು ಮತ್ತೆ ಕೇಳಿ ಅವರ ಹೊತ್ತು ತಿನ್ನಬೇಡಿ. ಒಪ್ಪಿಗೆ ಬರಹದಲ್ಲಿ ಪಡೆಯಿರಿ, ಹೆಸರು ಬೇಡ ಅಂದರೆ ಬರೆಯಬೇಡಿ. ಮುಗಿದ ಮೇಲೆ ವರದಿಯನ್ನು ಮೊದಲು ಅವರಿಗೇ ಕಳಿಸಿ.